ಕೆಂಟಕಿಯ ಎರಡನೇ ಫೋನು

ಗುಬ್ಬಿಯಿಂದ ಹೊರಟದ್ದು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಡೆಯ ಜನ ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಊಟದ ಬಗ್ಗೆ. ಎರಡಕ್ಕೂ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದು ಸಣ್ಣ ರೇಡಿಯೋ ಕೇಂದ್ರದ ಮೇಜು, ಅದರ ಮೇಲಿದ್ದ ಎರಡು ಫೋನು, ಮತ್ತು ರಸ್ತೆ ಪಕ್ಕದ ಹುಲ್ಲಿನಲ್ಲಿ ಬಿದ್ದಿದ್ದ ಒಂದು ಕುದುರೆ. ನಿಧಾನವಾಗಿ ಹೇಳುತ್ತೇನೆ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಬೇರೆ ಮಾಡಿಯೇ ಬರೆಯುತ್ತೇನೆ.

ನನ್ನ ಹೆಸರು ಗಿರಿಜಾ, ಊರು ಗುಬ್ಬಿ. ಗುಬ್ಬಿಗೂ ತುಮಕೂರಿಗೂ ನಡುವಿನ ಒಂದು ಸಮುದಾಯ ರೇಡಿಯೋದಲ್ಲಿ ಕೆಲಸ. ಕೊಬ್ಬರಿ ಧಾರಣೆ, ತೆಂಗಿನ ನುಸಿ ರೋಗ, ಬಸುರಿಯರ ಆರೈಕೆ, ಬೆಳ್ಳಾವಿ ಹೆಂಗಸರ ಸೋಬಾನೆ ಪದ, ಎಲ್ಲವೂ ನಮ್ಮಲ್ಲಿ ಬರುತ್ತವೆ. ರಾಜಕೀಯ ಮಾತ್ರ ಬರುವುದಿಲ್ಲ. ನಮ್ಮಂಥ ರೇಡಿಯೋಗಳು ಅದನ್ನು ಮುಟ್ಟಬಾರದು ಎಂಬುದು ಸರ್ಕಾರದ ನಿಯಮ. ಹಾಗಾಗಿ ನಮ್ಮ ಸೀಮೆಯಲ್ಲಿ ಎಲ್ಲರೂ ಎಲ್ಲ ಕಡೆ ಆಡುವ ಮಾತೊಂದು, ನಾಲೆಯ ನೀರು ಕುಣಿಗಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಹೋಗಬೇಕು ಎಂಬುದು, ನಮ್ಮ ರೇಡಿಯೋದಲ್ಲಿ ಮಾತ್ರ ಕೇಳಿಸುವುದಿಲ್ಲ. ಕುಣಿಗಲ್ಲಿನವರನ್ನು ಗುಬ್ಬಿಯವರು ಗುಬ್ಬಿಯ ಹೋಟೆಲುಗಳಲ್ಲಿ ಬೈಯುತ್ತಾರೆ, ನಮ್ಮನ್ನು ಅವರು ಕುಣಿಗಲ್ಲಿನ ಹೋಟೆಲುಗಳಲ್ಲಿ ಬೈಯುತ್ತಾರೆ. ಉಳಿದದ್ದು ವಾಟ್ಸಾಪಿನಲ್ಲಿ ನಡೆಯುತ್ತದೆ.

ಸಣ್ಣ ರೇಡಿಯೋ ನಡೆಸುವವರಿಗೆಂದು ಕೆಂಟಕಿ ರಾಜ್ಯದಲ್ಲಿ ಒಂದು ತರಬೇತಿ ಇತ್ತು. ಅದು ಮುಗಿದ ಮೇಲೆ ಕೆಲವು ದಿನ ಸುಮಿತ್ರಳ ಮನೆಗೆ ಹೋದೆ. ಸುಮಿತ್ರ ತುಮಕೂರಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಅವಳ ಗಂಡ ರಾಜಣ್ಣ ಕುಣಿಗಲ್ಲಿನವರು. ಅವರ ಅಪ್ಪ ಅಲ್ಲಿಯ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಮಗನೂ ಅದೇ ಕಸುಬು ಹಿಡಿದು ಮೊದಲು ದುಬೈಗೆ ಹೋದರು, ಅಲ್ಲಿಂದ ಕೆಂಟಕಿಗೆ. ನಮ್ಮಲ್ಲಿ ಮನೆಮನೆಗೂ ತೆಂಗಿರುವಂತೆ ಅಲ್ಲಿ ಮನೆಮನೆಗೂ ಕುದುರೆ.

ರಾಜಣ್ಣನ ಗಾಡಿಯಲ್ಲಿ

ಬಸ್ ನಿಲ್ದಾಣಕ್ಕೆ ಕರೆಯಲು ಬಂದ ರಾಜಣ್ಣ ನನ್ನ ಕಣ್ಣೆದುರಿಗೇ ಹೆಂಡತಿಗೆ ಫೋನು ಮಾಡಿ, "ಸುಮಿ, ಗುಬ್ಬಿಯವ್ರು ಬಂದವ್ರೆ. ನಲ್ಲಿ ಬಿಗಿಯಾಗಿ ಮುಚ್ಚು, ಇದ್ದ ನೀರೆಲ್ಲ ತಿರುಗಿಸ್ಕೊಂಡು ಹೋಯ್ತಾರೆ" ಅಂದರು. ಏಳು ಸಮುದ್ರ ದಾಟಿದರೂ ನಾಲೆ ಬಿಡಲಿಲ್ಲವಲ್ಲ ಎಂದು ನಾನು ನಕ್ಕೆ.

ಗಾಡಿಯಲ್ಲಿ ರೇಡಿಯೋ ಹಾಕಿತ್ತು. ಗಂಡಸೊಬ್ಬ ಜೋರಾಗಿ, ಚೆನ್ನಾಗಿ ಮಾತಾಡುತ್ತಿದ್ದ. ಆತ ಡೇಲ್, ಊರಿನ ರೇಡಿಯೋ ಕೇಂದ್ರದ ಮಾಲೀಕ, ದಿನಾ ಬೆಳಗ್ಗೆ ಕೇಳುಗರ ಜೊತೆ ಹರಟುವುದು ಆತನದೇ ಕೆಲಸ ಎಂದು ರಾಜಣ್ಣ ಹೇಳಿದರು. ಆ ದಿನದ ಮಾತು ಊರಿನ ದೊಡ್ಡ ಕೆರೆಯದು. ಪಕ್ಕದ ಕೌಂಟಿಯಲ್ಲಿ, ಅಂದರೆ ನಮ್ಮ ಪಕ್ಕದ ತಾಲ್ಲೂಕು ಇದ್ದ ಹಾಗೆ, ಬಾವಿಗಳು ಬತ್ತಿದ್ದವಂತೆ. ಅಲ್ಲಿಗೆ ಈ ಕೆರೆಯಿಂದ ಪೈಪು ಹಾಕಲು ಊರಿನ ಪುರಸಭೆ ಒಪ್ಪಿತ್ತು. ಒಪ್ಪಿಗೆಗೆ ಮುಂದೆ ನಿಂತವಳು ಮಾರ್ತಾ ಎಂಬ ಸದಸ್ಯೆ, ಕುದುರೆ ಮೇವಿನ ಅಂಗಡಿಯವಳು. ಮುಂದಿನ ವಾರ ಪುರಸಭೆಗೆ ಚುನಾವಣೆ, ಅವಳೂ ನಿಂತಿದ್ದಾಳೆ. ನಮ್ಮ ನೀರನ್ನು ಮಾರಿದವಳು ಎಂದು ಡೇಲ್ ದಿನಾ ಅವಳ ಹೆಸರೆತ್ತಿ ಹೇಳುತ್ತಿದ್ದಾನೆ.

"ಇಲ್ಲೂ ಅದೇನಾ ರಾಜಣ್ಣ?"

"ಅದೇ ಕಣಮ್ಮ. ಇಲ್ಲಿ ಮಾರ್ತಮ್ಮ ಕುಣಿಗಲ್ ಪಾರ್ಟಿ, ಡೇಲು ಗುಬ್ಬಿ ಪಾರ್ಟಿ. ನಿಮಗೆ ಅವನ ಮಾತು ಸರಿಯಾಗೇ ಹಿಡಿಸ್ತದೆ ಬುಡಿ."

ಹಿಡಿಸಿತು ಕೂಡ. ಕೆರೆ ಯಾರದೋ ಅವರಿಗೆ ಮೊದಲು ನೀರು, ಮಿಕ್ಕಿದರೆ ಮಿಕ್ಕವರಿಗೆ ಎಂದು ಡೇಲ್ ಹೇಳಿದಾಗ ನನ್ನ ತಲೆ ತಾನಾಗಿ ಆಡಿತು. ಕರೆ ಮಾಡಿದವರೆಲ್ಲ ಹೌದು ಹೌದು ಎಂದರು. ನಾಲ್ಕೈದು ಜನ ಆದ ಮೇಲೆ ನನಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಮದುವೆ ಮನೆಯಲ್ಲಿ ಬರೀ ಗಂಡಿನ ಕಡೆಯವರೇ ಕೂತ ಹಾಗೆ. ಬೇರೆ ಅನ್ನುವವರು ಯಾರೂ ಫೋನು ಮಾಡುವುದಿಲ್ಲವೇ ಎಂದು ಕೇಳಿದೆ. ಮಾಡುತ್ತಾರೆ, ಡೇಲ್ ಎತ್ತುವುದಿಲ್ಲ ಎಂದರು ರಾಜಣ್ಣ.

ಬೇಲಿಯ ಬಳಿ

ಮಾರನೆಯ ಬೆಳಗ್ಗೆ ಸುಮಿತ್ರ ರಾಗಿ ರೊಟ್ಟಿ ತಟ್ಟುತ್ತಿದ್ದಾಗ, ಕುದುರೆಯೊಂದಕ್ಕೆ ಪೆಟ್ಟಾಗಿದೆ ಎಂದು ರಾಜಣ್ಣನಿಗೆ ಫೋನು ಬಂತು. ಅವರು ರೊಟ್ಟಿ ಬಿಟ್ಟು ಎದ್ದರು. ನಾನೂ ಜೊತೆಗೆ ಹೋದೆ. ಹೋಗಬಾರದಿತ್ತೇನೋ.

ನಾನು ಕಂಡದ್ದು ಇಷ್ಟು. ಮಾರ್ತಾಳ ಹುಲ್ಲುಗಾವಲಿನ ಬಿಳಿ ಬೇಲಿಯ ಗೇಟು ತೆರೆದಿತ್ತು. ಮುರಿದಿರಲಿಲ್ಲ, ತೆರೆದಿತ್ತು. ರಸ್ತೆಯಾಚೆ ಒಂದು ಲಾರಿ ನಿಂತಿತ್ತು, ಡ್ರೈವರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಕಂದು ಬಣ್ಣದ ಹೆಣ್ಣು ಕುದುರೆಯೊಂದು ಹುಲ್ಲಿನ ಮೇಲೆ ಬಿದ್ದಿತ್ತು. ಅದರ ಹಿಂಗಾಲು ಇರಬೇಕಾದ ಕಡೆಗೆ ಇರಲಿಲ್ಲ. ಬೆಳ್ಳಿ ಕೂದಲಿನ ಹೆಂಗಸೊಬ್ಬಳು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು; ಅವಳೇ ಮಾರ್ತಾ ಎಂದು ರಾಜಣ್ಣ ಆಮೇಲೆ ಹೇಳಿದರು. ರಾಜಣ್ಣ ಹೋಗಿ ಕುದುರೆಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಕನ್ನಡದಲ್ಲಿ ಏನೋ ಹೇಳತೊಡಗಿದರು. ಮಗುವಿಗೆ ಹೇಳುವಂಥ ಮಾತು, ಆಯ್ತು ಆಯ್ತು, ಮಲಕ್ಕೊ ಮಲಕ್ಕೊ. ಪಶುವೈದ್ಯ ಬಂದು ಸೂಜಿ ಹಾಕಿದ. ಆಮೇಲೆ ಕುದುರೆಯ ಹೊಟ್ಟೆ ಏರಿಳಿಯಲಿಲ್ಲ.

ಗೇಟು ತೆರೆದವರು ಯಾರೋ ನನಗೆ ಗೊತ್ತಿಲ್ಲ. ಚಿಲಕ ಸರಿಯಾಗಿ ಹಾಕಿರಲಿಲ್ಲವೋ ಏನೋ ಎಂದು ಪೊಲೀಸಿನವರು ಹೇಳಿದ್ದನ್ನು ಕೇಳಿದೆ. ಹಿಂದಿನ ದಿನ ಕರೆ ಮಾಡಿದವನೊಬ್ಬ, ಅವಳ ಬೇಲಿಯನ್ನು ಯಾರಾದರೂ ಬಿಚ್ಚಿದರೆ ಆಗ ಗೊತ್ತಾಗುತ್ತದೆ ಅವಳಿಗೆ, ಎಂದು ನಕ್ಕದ್ದನ್ನೂ ಗಾಡಿಯಲ್ಲಿ ಕೇಳಿದ್ದೆ. ಈ ಎರಡರ ನಡುವೆ ಗೆರೆ ಎಳೆಯಲು ನನ್ನ ಬಳಿ ಸಾಕ್ಷಿಯಿಲ್ಲ. ಎಳೆಯದೆ ಇರಲೂ ಅವತ್ತು ಆಗಲಿಲ್ಲ.

ಮನೆಗೆ ವಾಪಸು ಬರುವಾಗ ರಾಜಣ್ಣ ಹೇಳಿದರು: ಮತದಾನಕ್ಕೆ ಮುಂಚೆ ರೇಡಿಯೋದಲ್ಲಿ ಉತ್ತರ ಹೇಳಬೇಕೆಂದು ಮಾರ್ತಾ ಮೂರು ಸಲ ಡೇಲ್‌ನನ್ನು ಕೇಳಿದ್ದಾಳೆ, ಚುನಾವಣೆ ಮುಗಿಯಲಿ ಎಂದು ಆತ ಅಂದಿದ್ದಾನೆ. ಒಂದು ಕಾಲದಲ್ಲಿ ಆ ದೇಶದಲ್ಲಿ ನಿಯಮವಿತ್ತಂತೆ. ವಿವಾದದ ವಿಷಯ ಎತ್ತಿದರೆ ಎರಡು ಕಡೆಗೂ ಜಾಗ ಕೊಡಬೇಕು, ಒಬ್ಬರ ಹೆಸರು ಹಿಡಿದು ಬೈದರೆ ಅವರನ್ನು ಕರೆದು ಉತ್ತರ ಹೇಳಿಸಬೇಕು. ಆ ನಿಯಮವನ್ನು ಸರ್ಕಾರವೇ ತೆಗೆದುಹಾಕಿ ಬಹಳ ಕಾಲವಾಯಿತು. ಈಗ ಡೇಲ್ ಬೇಡವೆಂದರೆ ಬೇಡ. ಬೇರೆ ರೇಡಿಯೋ ಆ ಊರಿಗೆ ಸರಿಯಾಗಿ ಸಿಗುವುದೂ ಇಲ್ಲ.

ಇಟ್ಟಿಗೆ ಕಟ್ಟಡ

ಅದೇ ಡೇಲ್ ನನ್ನನ್ನು ಮಾರನೆಯ ದಿನದ ಮಾತುಕತೆಗೆ ಕರೆದಿದ್ದ. ರಾಜಣ್ಣ ಕೆಲಸ ಮಾಡುವ ಫಾರಂನ ಯಜಮಾನರ ಮೂಲಕ ಮೊದಲೇ ಗೊತ್ತಾಗಿದ್ದ ಕಾರ್ಯಕ್ರಮ, ಭಾರತದ ಹಳ್ಳಿಯ ರೇಡಿಯೋದವಳು ಬಂದಿದ್ದಾಳೆ ಎಂದು. ಹೋಗಬೇಡ ಎಂದಳು ಸುಮಿತ್ರ. ನಾನು ಹೋದೆ. ಆ ಮನುಷ್ಯನ ಮುಖ ನೋಡಬೇಕಿತ್ತು.

ಜೋಳದ ಹೊಲದ ಪಕ್ಕದಲ್ಲಿ ಒಂದು ಇಟ್ಟಿಗೆ ಕಟ್ಟಡ, ಅದರ ಹಿಂದೆ ಗೋಪುರ. ನಮ್ಮ ಕೇಂದ್ರದಲ್ಲಿ ಧೂಳು ಬರಬಾರದೆಂದು ಚಪ್ಪಲಿ ಹೊರಗೆ ಬಿಡುತ್ತೇವೆ. ನಾನು ಯೋಚನೆಯನ್ನೇ ಮಾಡದೆ ಬೂಟು ಬಿಚ್ಚಿ ಬಾಗಿಲಲ್ಲಿಟ್ಟು ಒಳಗೆ ಹೋದೆ. ಡೇಲ್ ನನ್ನ ಕಾಲುಚೀಲ ನೋಡಿದ, ನನ್ನ ಮುಖ ನೋಡಿದ, ಹೀಟರನ್ನು ನನ್ನ ಕಾಲ ಕಡೆಗೆ ತಿರುಗಿಸಿದ. ರಾಕ್ಷಸನನ್ನು ನೋಡಲು ಹೋದವಳಿಗೆ ಇದರಿಂದ ಸ್ವಲ್ಪ ಗಲಿಬಿಲಿಯಾಯಿತು.

ಮೇಜಿನ ಮೇಲೆ ಎರಡು ಫೋನು. ಅವನ ಕಡೆಗೊಂದು, ಅತಿಥಿಯ ಕಡೆಗೊಂದು, ಎರಡಕ್ಕೂ ಬೇರೆ ಬೇರೆ ನಂಬರು. ಅವನ ಅಪ್ಪನ ಕಾಲದ ಏರ್ಪಾಟು ಅದು. ನಿಯಮವಿದ್ದಾಗ ಒಪ್ಪುವವರು ಒಂದಕ್ಕೆ, ಒಪ್ಪದವರು ಇನ್ನೊಂದಕ್ಕೆ ಕರೆ ಮಾಡಬೇಕಿತ್ತು. ಅಪ್ಪ ಇದರಲ್ಲೊಂದು ಅದರಲ್ಲೊಂದು ತೆಗೆದುಕೊಳ್ಳುತ್ತಿದ್ದರು. ಹಳೆಯ ಮೇಜಾದ್ದರಿಂದ ಫೋನು ಎತ್ತಿದರೆ ಸಾಕು, ಕರೆ ನೇರವಾಗಿ ಗಾಳಿಗೆ ಹೋಗುತ್ತದೆ. ಎರಡನೆಯದನ್ನು ಈಗ ಯಾರೂ ಎತ್ತುವುದಿಲ್ಲ ಎಂದು ಡೇಲ್ ಹೇಳಿದ. ಜನ ಇನ್ನೂ ಆ ನಂಬರಿಗೆ ಕರೆ ಮಾಡುತ್ತಾರೆಂದೂ ಹೇಳಿದ. ಅದರ ದೀಪ ಮಿಣುಕುತ್ತಲೇ ಇತ್ತು.

ಕಾರ್ಯಕ್ರಮ ಶುರುವಾಯಿತು. ತೆಂಗಿನ ಬಗ್ಗೆ ಕೇಳಿದ, ಹೇಳಿದೆ. ನಿಮ್ಮಲ್ಲಿ ನೀರಿನ ಜಗಳ ಉಂಟೇ ಎಂದ, ಉಂಟು ಎಂದೆ. ನೀವು ಯಾವ ಕಡೆ ಎಂದ. ನೀರು ಕೊಡಲು ಹೆದರುವವರ ಕಡೆ ಎಂದೆ. ಅವನಿಗೆ ಬಹಳ ಸಂತೋಷವಾಯಿತು. ನೋಡಿ, ಭೂಮಿಯ ಆಚೆ ಕಡೆಯವರಿಗೂ ಗೊತ್ತಿರುವುದು ನಮ್ಮ ಮಾರ್ತಾಗೆ ಗೊತ್ತಿಲ್ಲ ಎಂದ. ಅವನು ಜಾಹೀರಾತು ಓದಲು ಕಾಗದದ ಕಡೆ ತಿರುಗಿದಾಗ ನನ್ನ ಕೈ ಪಕ್ಕದ ಫೋನಿನ ದೀಪ ಮತ್ತೆ ಹೊತ್ತಿಕೊಂಡಿತು.

ನಮ್ಮಲ್ಲಿ ಒಂದು ರೂಢಿಯಿದೆ. ಸ್ಟುಡಿಯೋದಲ್ಲಿ ಫೋನು ಬಂದರೆ ಹತ್ತಿರ ಕೂತವರು ಎತ್ತಬೇಕು, ಅತಿಥಿಯಾದರೂ ಸರಿ. ಊರ್ಡಿಗೆರೆಯಿಂದ ಯಾರೋ ಹೆಂಗಸು ಕರೆನ್ಸಿ ಖರ್ಚು ಮಾಡಿ ಕಾಯುತ್ತಿರುತ್ತಾಳೆ. ನಾನು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದೆ. ಫೋನು ಎತ್ತಿ, ಕೆಂಟಕಿಯ ಇಡೀ ಕೌಂಟಿಗೆ ಕೇಳುವಂತೆ, ಕನ್ನಡದಲ್ಲಿ, "ನಮಸ್ಕಾರ, ಹೇಳಿ ಅಕ್ಕಾ" ಅಂದೆ.

ಆ ಕಡೆಯಿಂದ ಹೆಂಗಸಿನ ದನಿ ಬಂತು. "ನೀವು ಅಂದದ್ದು ನನಗೆ ತಿಳಿಯಲಿಲ್ಲ. ಆದರೆ ಎತ್ತಿದ್ದಕ್ಕೆ ಉಪಕಾರವಾಯಿತು. ನಾನು ಮಾರ್ತಾ."

ಡೇಲ್‌ನ ಕೈ ಕರೆ ಕಡಿಯುವ ಗುಂಡಿಯ ಮೇಲೆ ಹೋಯಿತು. ಒತ್ತಿದ್ದರೆ ಮುಗಿದುಹೋಗುತ್ತಿತ್ತು. ಅವನು ಒತ್ತಲಿಲ್ಲ. ಯಾಕೆಂದು ನಾನು ಆಮೇಲೆ ಕೇಳಿದೆ, ಗೊತ್ತಿಲ್ಲ ಎಂದ. ಅವನ ಮಾತು ನಿಜ ಎಂದೇ ನನಗೆ ಅನ್ನಿಸಿತು.

ಮಾರ್ತಾ ನಿಧಾನವಾಗಿ ಮಾತಾಡಿದಳು. ಪಕ್ಕದ ಕೌಂಟಿಯ ಶಾಲೆಗೆ ಟ್ಯಾಂಕರಿನಲ್ಲಿ ನೀರು ಬರುತ್ತಿದೆ ಎಂದಳು. ಕೆರೆಯಲ್ಲಿ ನೀರು ಒಂದು ಗುರುತಿಗಿಂತ ಕೆಳಗಿಳಿದರೆ ಪೈಪು ಮುಚ್ಚಬೇಕೆಂದು ಒಪ್ಪಂದದಲ್ಲಿ ಬರೆಸಿದ್ದು ತಾನೇ ಎಂದಳು. ಅದು ನನಗೆ ಯಾರೂ ಹೇಳಲಿಲ್ಲವಲ್ಲ ಎಂದ ಡೇಲ್.

"ಸಭೆಯಲ್ಲಿ ಹೇಳಿದೆವು ಡೇಲ್. ಅವತ್ತು ನಿನ್ನ ಕುರ್ಚಿ ಖಾಲಿಯಿತ್ತು."

ಅವನು ಜಾಹೀರಾತಿನ ಕಾಗದ ಕೆಳಗಿಟ್ಟ. ಆಮೇಲೆ ಅವನೇ ಕುದುರೆಯ ವಿಷಯ ಎತ್ತಿ, ಕೇಳಿ ಬೇಜಾರಾಯಿತು ಎಂದ.

"ಅದರ ಬಗ್ಗೆ ನಾನು ಯಾರ ಮೇಲೂ ದೂರು ಹೇಳುವುದಿಲ್ಲ" ಎಂದಳು ಮಾರ್ತಾ. "ಗೇಟು ತೆರೆದವರು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ರೇಡಿಯೋದಲ್ಲಿ ಹೇಳಬಾರದು."

ಅವಳ ಮಾತು ಮುಗಿದ ಮೇಲೆ ನಾನು ಫೋನು ಕೆಳಗಿಟ್ಟೆ.

ಹೊರಗಿನ ಬೆಂಚು

ಕಾರ್ಯಕ್ರಮ ಮುಗಿದ ಮೇಲೆ ನಾನು ಕ್ಷಮೆ ಕೇಳಿದೆ. ಡೇಲ್ ಕಾಫಿ ತಂದುಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂತ. ಬೈಯುತ್ತಾನೆಂದುಕೊಂಡಿದ್ದೆ. ಅವನು ತನ್ನ ಅಪ್ಪನ ಬಗ್ಗೆ ಹೇಳಿದ.

ಎರಡು ಫೋನಿನ ಕಥೆ ಕೇಳಲು ಚೆಂದ, ಆದರೆ ಅದು ನಡೆದದ್ದು ವರ್ಷಕ್ಕೆ ಕೆಲವು ದಿನ ಮಾತ್ರ ಎಂದ. ಒಬ್ಬನನ್ನು ಕರೆದರೆ ಇನ್ನೊಬ್ಬನನ್ನು ಹುಡುಕಬೇಕು, ಹುಡುಕದಿದ್ದರೆ ಸರ್ಕಾರಕ್ಕೆ ದೂರು, ಲೈಸೆನ್ಸಿನ ಭಯ. ಈ ತಾಪತ್ರಯಕ್ಕೆ ಅಪ್ಪ ಜಗಳದ ವಿಷಯಗಳನ್ನೇ ಬಿಟ್ಟುಬಿಟ್ಟರು. ಹಾಡು, ಹವಾಮಾನ, ಹಂದಿ ಧಾರಣೆ. ಊರಿನ ಕಾರ್ಖಾನೆ ನದಿಗೆ ವಿಷ ಬಿಡುತ್ತಿದ್ದಾಗಲೂ ಹಂದಿ ಧಾರಣೆ. "ಸಮತೋಲನ ಅಂತ ತಕ್ಕಡಿ ತಂದಿಟ್ಟರು, ನಾವು ತೂಗುವುದನ್ನೇ ನಿಲ್ಲಿಸಿದೆವು" ಎಂದ. ಆಮೇಲೆ ಕೇಳಿದ: "ನಿಮ್ಮಲ್ಲಿ ಆ ತಕ್ಕಡಿಯನ್ನು ಯಾರ ಕೈಗೆ ಕೊಡುತ್ತೀರಿ? ಈಗಿನ ಸರ್ಕಾರಕ್ಕೋ, ಮುಂದೆ ಬರುವ ಸರ್ಕಾರಕ್ಕೋ?"

ಹಂದಿ ಧಾರಣೆ ಎಂದಾಗ ನನಗೆ ನಮ್ಮ ಕೊಬ್ಬರಿ ಧಾರಣೆ ನೆನಪಾಯಿತು. ನಮ್ಮಲ್ಲಿ ತಕ್ಕಡಿಯೇ ಇಲ್ಲ, ಅಂಗಡಿಯ ಬಾಗಿಲನ್ನೇ ಹಾಕಿದೆ ಎಂದು ಅವನಿಗೆ ಹೇಳಿದೆ. ಅವನಿಗೆ ನಂಬಿಕೆಯಾಗಲಿಲ್ಲ. ಚುನಾವಣೆಯಲ್ಲಿ ಅಷ್ಟು ಗದ್ದಲ ಮಾಡುವ ದೇಶದವರು ರೇಡಿಯೋದಲ್ಲಿ ನೀರಿನ ಬಗ್ಗೆ ಮಾತಾಡುವುದಿಲ್ಲವೇ ಎಂದು ಎರಡು ಸಲ ಕೇಳಿದ.

ಮೇವಿನ ಅಂಗಡಿಗೆ ಹೋಗುವ ದಾರಿ

ಮಧ್ಯಾಹ್ನ ರಾಜಣ್ಣನ ಜೊತೆ ಮಾರ್ತಾಳ ಅಂಗಡಿಗೆ ಹೊರಟೆ. ಡೇಲ್ ಹೇಳಿದ್ದನ್ನು ರಾಜಣ್ಣನಿಗೆ ಹೇಳಿದೆ. ಅವರು, "ಸರಿ, ನಾನೊಂದು ಪರೀಕ್ಷೆ ಕೊಡ್ತೀನಿ. ನಾಲೆ ವಿಷಯ್ದಲ್ಲಿ ಕುಣಿಗಲ್ ಕಡೆ ನ್ಯಾಯ ಏನು ಅಂತ ನೀವು ಹೇಳಿ. ರೇಡಿಯೋದಲ್ಲಿ ಹೇಳ್ದಂಗೆ. ಆ ಚರ್ಚು ಬರೋವರ್ಗೂ" ಅಂದರು.

ನಾನು ಶುರುಮಾಡಿದೆ. ಕುಣಿಗಲ್ಲಿಗೂ ಪಾಲಿದೆ ಅಂದೆ. ಆದರೆ ಅಂದೆ. ಆದರೆ ಎಂದ ಮೇಲೆ ಮಾತು ತಾನಾಗಿ ಗುಬ್ಬಿಗೆ ಬಂದುಬಿಟ್ಟಿತು. ಮತ್ತೆ ಶುರುಮಾಡಿದೆ, ಮತ್ತೆ ಬಂತು. ರಾಜಣ್ಣ ಸ್ಟೀರಿಂಗಿಗೆ ಹಣೆ ತಾಗಿಸುವಷ್ಟು ನಕ್ಕರು.

"ನಮ್ಮ ಪರವಾಗಿ ನೀವು ಮಾತಾಡೋಕೆ ಆಗಲ್ಲ ಗಿರಿಜಮ್ಮ. ನಿಮ್ಮ ತಪ್ಪಲ್ಲ ಅದು. ನಮ್ಮ ಮಾತು ನಾವೇ ಆಡ್ಬೇಕು. ನೀವು ಫೋನ್ ಎತ್ತುದ್ರೆ ಸಾಕು."

ಅಂಗಡಿಯಲ್ಲಿ ಮಾರ್ತಾ ಮೇವಿನ ಮೂಟೆ ಜೋಡಿಸುತ್ತಿದ್ದಳು. ಅಕ್ಕಾ ಎಂದರೆ ಏನು ಎಂದು ಮೊದಲು ಕೇಳಿದಳು. ಹೇಳಿದೆ. ಅದು ಅವಳಿಗೆ ಇಷ್ಟವಾಯಿತು. ಹಳೆಯ ನಿಯಮ ವಾಪಸು ಬರಬೇಕೆ ಎಂದು ಕೇಳಿದಾಗ ಪೂರ್ತಿ ಬೇಡ ಎಂದಳು. ಡೇಲ್ ಯಾರನ್ನು ಕರೆಯಬೇಕು, ಎಷ್ಟು ಹೊತ್ತು ಮಾತಾಡಿಸಬೇಕು ಎಂದು ಸರ್ಕಾರ ಕೂತು ಅಳೆಯುವುದು ಬೇಡ, ಅಳೆಯುವವರೂ ಯಾವುದೋ ಪಕ್ಷದವರೇ. "ನನ್ನ ಹೆಸರು ಹೇಳಿದರೆ ನನ್ನನ್ನು ಕರೆಯಲಿ. ಕಾನೂನು ಅಷ್ಟು ಮಾಡಿದರೆ ಸಾಕು. ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ."

ಬಹಳ ದಿನ ಯೋಚಿಸಿದ ಮೇಲೆ ನನಗೂ ಇದೇ ಸರಿಯೆನ್ನಿಸಿದೆ. ಎಲ್ಲ ಮಾತಿಗೂ ಎದುರು ಮಾತು ಇಡಿಸುವುದು ಸರ್ಕಾರದ ಕೈಲಾಗದ ಕೆಲಸ. ಕೈಲಾದರೆ ಇನ್ನೂ ಅಪಾಯ. ಬಾಯಿಯನ್ನೇ ಮುಚ್ಚಿಸುವ ನಮ್ಮ ದಾರಿ ಅದಕ್ಕಿಂತ ಕೆಟ್ಟದ್ದು. ಆದರೆ ಗಾಳಿಯ ಅಲೆ ಯಾರೊಬ್ಬರ ಸ್ವತ್ತಲ್ಲ. ಅದರ ಮೇಲೆ ಕೂತು ಒಬ್ಬರ ಹೆಸರೆತ್ತಿದರೆ, ಅದೇ ಹೊತ್ತಿಗೆ, ಅದೇ ಕೇಳುಗರ ಮುಂದೆ ಅವರಿಗೆ ಉತ್ತರ ಹೇಳಲು ಬಿಡಬೇಕು. ಈ ಒಂದನ್ನು ಕಾನೂನು ಕೇಳಬಹುದು, ಕೇಳಬೇಕು. ಹುಲ್ಲಿನ ಮೇಲೆ ಬಿದ್ದಿದ್ದ ಆ ಕುದುರೆಯನ್ನು ನೋಡಿದವಳಾಗಿ, ಇದು ದೊಡ್ಡ ಬೇಡಿಕೆ ಎಂದು ನನಗೆ ಅನ್ನಿಸುವುದಿಲ್ಲ.

ಮತ್ತೆ ಗುಬ್ಬಿ

ಮತದಾನದ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು. ಮಾರ್ತಾ ಸೋತಳು. ಸುಮಿತ್ರ ಫೋನಿನಲ್ಲಿ ಹೇಳಿದಾಗ ಬೆಳ್ಳಾವಿಯಲ್ಲಿ ಹೆಂಗಸರ ಸಂಘದವರ ಮಾತು ರೆಕಾರ್ಡ್ ಮಾಡುತ್ತಿದ್ದೆ. ಅಂತರ ಬಹಳ ಕಡಿಮೆಯಂತೆ, ಆದರೂ ಸೋಲು ಸೋಲೇ. ಅವತ್ತು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಸಿಕ್ಕ ಸ್ವಲ್ಪ ಹೊತ್ತು ಸಾಲದಾಯಿತು, ಆ ಫೋನು ಮೊದಲೇ ಎತ್ತಬೇಕಿತ್ತು ಎಂದು ಸಂಕಟಪಟ್ಟೆ.

ನಮ್ಮ ಕೇಂದ್ರದಲ್ಲಿ ನಾಲೆಯ ಮಾತು ಇನ್ನೂ ಬರುವುದಿಲ್ಲ. ಆದರೆ ನಮ್ಮ ಸಮಿತಿಯವರು ಕೂತು, ಯಾವ ಕಾರ್ಯಕ್ರಮದಲ್ಲೇ ಆಗಲಿ ಯಾರ ಮೇಲಾದರೂ ದೂರು ಬಂದರೆ ಪ್ರಸಾರಕ್ಕೆ ಮುಂಚೆ ಅವರನ್ನು ಕರೆದು ಕೇಳಬೇಕೆಂದು ಒಪ್ಪಿದ್ದಾರೆ. ಮೊನ್ನೆ ಕೊಬ್ಬರಿ ವರ್ತಕರೊಬ್ಬರು ಬಂದು ತಮ್ಮ ಮೇಲಿನ ದೂರಿಗೆ ಉತ್ತರ ಹೇಳಿ, ಅರ್ಧ ತಪ್ಪು ಒಪ್ಪಿಕೊಂಡು ಹೋದರು. ಸರ್ಕಾರ ಬಾಗಿಲು ತೆರೆದ ದಿನ ಕುಣಿಗಲ್ಲಿನವರನ್ನು ಹೇಗೆ ಕೂರಿಸಬೇಕೆಂದು ನಮಗೆ ಆಗಲೇ ಅಭ್ಯಾಸವಾಗಿರುತ್ತದೆ.

ಕಳೆದ ವಾರ ರಾಜಣ್ಣ ತಾವೇ ಫೋನು ಮಾಡಿದರು. ಮಾರ್ತಾಳ ಎದುರು ಗೆದ್ದವನ ಮೇಲೆ ಈಗ ಡೇಲ್‌ನ ರೇಡಿಯೋದಲ್ಲಿ ಒಬ್ಬ ಕೇಳುಗ ಗುಮಾನಿ ಎತ್ತಿದನಂತೆ, ಪೈಪಿನ ಗುತ್ತಿಗೆಯನ್ನು ತನ್ನ ನೆಂಟನಿಗೆ ಕೊಡಿಸಿದ್ದಾನೆ ಎಂದು. ಡೇಲ್ ಮಾತು ನಿಲ್ಲಿಸಿ, ಗೆದ್ದಾತ ಕೇಳುತ್ತಿದ್ದರೆ ಈಗಲೇ ಕರೆ ಮಾಡಲಿ, ಅಲ್ಲಿಯವರೆಗೆ ಇನ್ನೊಂದು ಮಾತು ಬೇಡ ಎಂದನಂತೆ. ಅಷ್ಟರಲ್ಲಿ ಒಂದು ಕರೆ ಬಂತಂತೆ.

"ಯಾರು ಹೇಳಿ. ಮಾರ್ತಮ್ಮ! ಅವನ್ನ ಸೋಲ್ಸೋಕೆ ನಿಂತಿದ್ದವ್ಳು. ಆ ಗುತ್ತಿಗೆ ನಾನು ಪುರಸಭೇಲಿದ್ದಾಗಲೇ ಆಗಿದ್ದು, ಇವನ ಕೈವಾಡ ಏನೂ ಇಲ್ಲ, ಸುಳ್ಳು ಹೇಳ್ಬೇಡಿ ಅಂದ್ಲು ಕಣಮ್ಮ."

ಗೆದ್ದವನೂ ಆಮೇಲೆ ಬಂದನೇ ಎಂದು ಕೇಳಿದೆ.

ಬಂದ, ಆದರೆ ಅವನಿಗೆ ಹೇಳಲು ಏನೂ ಉಳಿದಿರಲಿಲ್ಲ ಎಂದರು ರಾಜಣ್ಣ.